ವೆನಿಸ್ ಆದ ಮೇಲೆ ಎರಡು ದಿನ: ಲಿನ್ಯಾನೊಗೆ ಹೋಗಬಹುದಾ?

ವೆನಿಸ್ ನೋಡಿದ ಮೇಲೆ ಎರಡು ದಿನ ಉಳಿಯುತ್ತದೆ, ಜೊತೆಗೆ ಚಿಕ್ಕ ಮಕ್ಕಳು, ವಯಸ್ಸಾದ ಅಪ್ಪ-ಅಮ್ಮ ಇದ್ದಾರೆ, ಇಟಲಿಯ ಕಡಲತೀರದ ಊರು ಲಿನ್ಯಾನೊ ಸಬ್ಬಿಯಾದೋರೊ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನಿರುವುದು ಹತ್ತಿರದ ಉದಿನೆಯಲ್ಲಿ. ಬೇಸಿಗೆ ಬಂತು ಅಂದ್ರೆ ನಮ್ಮ ಮನೆಮಂದಿಯೆಲ್ಲ ಹೊರಡುವುದು ಅಲ್ಲಿಗೇ. ಆದರೆ ಎರಡೂ ದಿನ ಬೀಚಿನಲ್ಲೇ ಕಳೆಯಬೇಡಿ. ಒಂದು ದಿನ ಸಮುದ್ರಕ್ಕೆ ಕೊಡಿ, ಇನ್ನೊಂದು ದಿನ ಊರಿನ ಹಿಂದಿರುವ ಲಗೂನಿಗೆ, ಅಂದ್ರೆ ಸಮುದ್ರಕ್ಕೆ ಸೇರಿಕೊಂಡ ಆಳವಿಲ್ಲದ ಹಿನ್ನೀರಿಗೆ.

ಊರಿನ ಮುಂದೆ ಏಡ್ರಿಯಾಟಿಕ್ ಸಮುದ್ರ, ಬೆನ್ನಿಗೆ ಮರಾನೊ ಲಗೂನ್, ಪಶ್ಚಿಮಕ್ಕೆ ತಾಲ್ಯಮೆಂತೊ ನದಿ. ಈ ನದಿ ಆಲ್ಪ್ಸ್ ಬೆಟ್ಟಗಳಿಂದ ಹೊತ್ತು ತಂದ ಮರಳೇ ಇಲ್ಲಿನ ಬೀಚು, ಸುಮಾರು 8 ಕಿ.ಮೀ. ಉದ್ದ. ನೀರು ತುಂಬ ದೂರದವರೆಗೂ ಆಳವಿಲ್ಲ. ಮಕ್ಕಳನ್ನು ನೀರಿಗೆ ಬಿಡಲು ಇದಕ್ಕಿಂತ ಒಳ್ಳೆ ಜಾಗ ಈ ಕಡೆ ನನಗೆ ಗೊತ್ತಿಲ್ಲ. ಹಾಗಂತ ಕಣ್ಣು ತೆಗೆಯಬೇಡಿ. ಕೊಡೆ, ಮಲಗುವ ಕುರ್ಚಿಗಳಿಗೆ ದಿನದ ಬಾಡಿಗೆ ಕೊಡಬೇಕು.

ಉಳಿಯುವುದಾದರೆ ನನ್ನ ಆಯ್ಕೆ ಊರಿನ ಪಿನೇತಾ ಭಾಗ. 1950ರ ದಶಕದಲ್ಲಿ ಮಾರ್ಚೆಲ್ಲೊ ದೊಲಿವೊ ಎಂಬ ವಾಸ್ತುಶಿಲ್ಪಿ ಇದರ ನಕ್ಷೆ ಹಾಕಿದರು. ರಸ್ತೆ ಚಕ್ಕುಲಿ ಹಾಗೆ ಸುತ್ತುತ್ತ ಹೋಗುತ್ತದೆ, ಮನೆಗಳೆಲ್ಲ ಪೈನ್ ಮರಗಳ ನೆರಳಲ್ಲಿ. ಮಧ್ಯಾಹ್ನದ ಬಿಸಿಲಲ್ಲೂ ಹಿರಿಯರು ಆರಾಮಾಗಿ ನಡೆಯಬಹುದು. ಊರಿನ ಇನ್ನೊಂದು ಭಾಗಕ್ಕೂ ಸಬ್ಬಿಯಾದೋರೊ ಅಂತಲೇ ಹೆಸರು, ಅಲ್ಲಿ ಅಂಗಡಿ, ಗದ್ದಲ ಜಾಸ್ತಿ.

ಇನ್ನು ಲಗೂನ್. ಬೇಸಿಗೆಯಲ್ಲಿ ಸಬ್ಬಿಯಾದೋರೊ ಬಂದರಿನಿಂದ ದೋಣಿಗಳು ಲಗೂನಿನ ದಡದ ಮರಾನೊ ಊರಿನ ಕಡೆಗೆ, ಸ್ತೆಲ್ಲಾ ನದಿ ಸೇರುವ ಜಾಗಕ್ಕೆ ಹೋಗುತ್ತವೆ. ಇಡೀ ಲಗೂನ್ ಆಳವಿಲ್ಲದ ನೀರು, ಹಾಗಾಗಿ ದೋಣಿಗೆ ಕಾಲುವೆಗಳಲ್ಲಿ ಮಾತ್ರ ದಾರಿ. ಆ ದಾರಿಯ ಗುರುತಿಗೆ ಉದ್ದಕ್ಕೂ ಮರದ ಗೂಟ ನೆಟ್ಟಿದ್ದಾರೆ. ಇಳಿತದ ಹೊತ್ತಲ್ಲಿ ಆಚೀಚೆ ಕೆಸರು ನೆಲ ಮೇಲೇಳುತ್ತದೆ, ಬೆಳ್ಳಕ್ಕಿಗಳು ಬಂದಿಳಿಯುತ್ತವೆ. ಸ್ತೆಲ್ಲಾ ಹತ್ತಿರ ಮೀನುಗಾರರ ಕಸೋನೆಗಳನ್ನು ಮರೆಯದೆ ನೋಡಿ. ಮರದ ಚೌಕಟ್ಟಿಗೆ ಜೊಂಡು ಹೊದಿಸಿದ ಗುಡಿಸಲು. ಇಳಿಜಾರು ಮಾಡು ಎಷ್ಟು ದಪ್ಪ ಅಂದ್ರೆ, ಒಳಗೆ ಕಾಲಿಟ್ಟ ಕೂಡಲೇ ತಂಪು. ನಡುವೆ ಒಲೆ. ಹಿಂದೆ ಮೀನು ಹಿಡಿಯುವ ಕಾಲದಲ್ಲಿ ಸಂಸಾರ ಸಮೇತ ಇಲ್ಲೇ ಇರುತ್ತಿದ್ದರು. ಆ ಬದುಕು ಬೀಚಿಗೆ ಬಂದವರ ಕಣ್ಣಿಗೆ ಬೀಳುವುದೇ ಇಲ್ಲ, ನನಗೆ ಅದೇ ಬೇಜಾರು.

ಹೋಗುವುದು ಸುಲಭ. ವೆನಿಸ್‌ನಿಂದ ತ್ರಿಯೆಸ್ತೆ ಕಡೆಯ ರೈಲು ಹತ್ತಿ ಲಾತಿಸಾನಾದಲ್ಲಿ ಇಳಿಯಿರಿ, ಅಲ್ಲಿಂದ ಬಸ್ಸು. ಆಗಸ್ಟ್ 15ರ ಆಸುಪಾಸು ಮಾತ್ರ ಬೇಡ. ಅವತ್ತು ಇಟಲಿಗೆಲ್ಲ ರಜೆ, ರೂಮು ಸಿಗುವುದೇ ಕಷ್ಟ. ಜೂನ್ ಅಥವಾ ಸೆಪ್ಟೆಂಬರ್ ಮೊದಲ ವಾರಗಳು ಚೆನ್ನ. ಚಳಿಗಾಲದಲ್ಲಿ ಹೆಚ್ಚಿನ ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಪಿಜ್ಜಾ ಎಲ್ಲ ಕಡೆ ಸಿಗುತ್ತದೆ. ಫ್ರಿಕೊ ಅನ್ನುವುದು ಈ ಸೀಮೆಯ ತಿಂಡಿ: ಆಲೂಗಡ್ಡೆ, ಮೊಂತಾಜಿಯೊ ಚೀಸ್ ಸೇರಿಸಿ ಕೆಂಪಗೆ ಗರಿಗರಿಯಾಗುವಷ್ಟು ಕಾಯಿಸುತ್ತಾರೆ. ಈ ಚೀಸ್‌ಗೆ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅಪ್ಪ-ಅಮ್ಮ ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ಮೊದಲೇ ಅವರಿಗೆ ತಿಳಿಸಿಬಿಡಿ.