ಸಗಣಿ ಬುಟ್ಟಿ ಕೊಟ್ಟವರು ಲೆಕ್ಕದ ಪುಸ್ತಕವನ್ನೂ ಕೊಡಿ

ಸಿದ್ದಾಪುರ ತಾಲೂಕಿನ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಉದ್ದದ ಪತ್ರ ಬರೆದಿದ್ದಾರೆ. ಒಂದೂವರೆ ಎಕರೆ ಅಡಿಕೆ ತೋಟ, ಎರಡು ಜರ್ಸಿ ಆಕಳು, ಮೂರು ಮಲೆನಾಡು ಗಿಡ್ಡ (ನಮ್ಮ ಕಡೆಯ ನಾಟಿ ದನ). ಏಳನೇ ಕ್ಲಾಸಿನ ಮಗ ಬೆಳಿಗ್ಗೆ ಕೊಟ್ಟಿಗೆ ಕೆಲಸಕ್ಕೆ ಕೈಜೋಡಿಸಿ, ಆಮೇಲೆ ಬಸ್ಸು ಹಿಡಿದು ಶಾಲೆಗೆ ಹೋಗುತ್ತಿದ್ದ. ಶಾಲೆಯಲ್ಲಿ ಯಾರೋ ‘ಸಗಣಿ ವಾಸನೆ’ ಅಂದರಂತೆ. ದೀಪಾವಳಿ ರಜೆ ಮುಗಿದ ಮೇಲಂತೂ ಅವನು ಕೊಟ್ಟಿಗೆ ಕಡೆ ತಲೆ ಹಾಕುತ್ತಿಲ್ಲ. ಬೆಂಗಳೂರಿನ ಮೈದುನ ‘ಇದು ಬಾಲಕಾರ್ಮಿಕ ಪದ್ಧತಿ ಅತ್ತಿಗೆ’ ಎಂದು ತಮಾಷೆ ಮಾಡಿದ್ದಾರೆ. ಯಜಮಾನರು ದನ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ‘ನಾವು ಬೆಳೆದ ಹಾಗೆ ಮಗನೂ ಬೆಳೆಯಲಿ ಅನ್ನೋದು ತಪ್ಪಾ?’ ಎಂಬುದು ಇವರ ಪ್ರಶ್ನೆ.

ಅಕ್ಕಾ,

ತಪ್ಪಲ್ಲ. ಆದರೆ ನೀವು ಬೆಳೆದ ಹಾಗೇ ಬೆಳೆಸಬೇಡಿ. ಕೊಟ್ಟಿಗೆ ಬಿಡಿಸುವುದು ಬೇಡ, ಅಲ್ಲಿ ಅವನಿಗೆ ಕೊಟ್ಟಿರುವ ಕೆಲಸ ಬದಲಾಗಲಿ.

ಮೈದುನರ ಮಾತನ್ನು ಮೊದಲು ಮುಗಿಸೋಣ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗು ಶಾಲೆಯ ಹೊತ್ತು ಬಿಟ್ಟು ಅಥವಾ ರಜೆಯಲ್ಲಿ ಮನೆಯವರ ಕೆಲಸಕ್ಕೆ ನೆರವಾಗಬಹುದು. ಅಪಾಯದ ಕೆಲಸ ಆಗಿರಬಾರದು, ಓದಿಗೆ ಅಡ್ಡಿಯಾಗಬಾರದು. ಹಾಗಾಗಿ ತಮಾಷೆಯನ್ನು ತಮಾಷೆಯಾಗಿಯೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಅವರು ಊರಿಗೆ ಬಂದಾಗ ಎರಡು ದಿನ ಕರಡದ ಹುಲ್ಲು ಹೊರಲು ಕರೆಯಿರಿ.

ವಾಸನೆಯ ವಿಷಯ ಸಣ್ಣದಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಅದು ಬಹಳ ದೊಡ್ಡದು. ‘ಅನ್ನಲಿ ಬಿಡು, ಗೋಮಾತೆ’ ಅಂತ ಸಮಾಧಾನ ಹೇಳಬೇಡಿ, ಅದರಿಂದ ಏನೂ ಆಗುವುದಿಲ್ಲ. ಅವನ ಕೆಲಸವನ್ನು ಸಂಜೆಗೆ ಹಾಕಿ. ಕೊಟ್ಟಿಗೆಗೆಂದೇ ಒಂದು ಚಡ್ಡಿ, ಒಂದು ಅಂಗಿ ಇರಲಿ, ಅವು ಮನೆಯೊಳಗೆ ಬರುವುದು ಬೇಡ. ಇನ್ನೊಂದು. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಯೂನಿಫಾರ್ಮ್ ಒಣಗುವುದು ಬಚ್ಚಲ ಒಲೆಯ ಮೇಲೆ, ಇಲ್ಲಾ ಕೊಟ್ಟಿಗೆಯ ಮಾಡಿನಡಿ ಕಟ್ಟಿದ ಹಗ್ಗದ ಮೇಲೆ. ಹುಡುಗ ಎಷ್ಟೇ ಸೋಪು ಹಾಕಿ ಮಿಂದರೂ ಬಟ್ಟೆಯ ವಾಸನೆ ಹೋಗುವುದಿಲ್ಲ. ಮೊದಲು ಆ ಹಗ್ಗದ ಜಾಗ ಬದಲಿಸಿ.

ಆದರೆ ಪತ್ರ ಎರಡನೇ ಸಲ ಓದಿದಾಗ ನನ್ನ ಗಮನ ಹೋಗಿದ್ದು ಬೇರೆ ಕಡೆ. ಮೂರನೇ ಪುಟದ ಅಂಚಿನಲ್ಲಿ ನೀವು ಸಣ್ಣ ಅಕ್ಷರದಲ್ಲಿ ಒಂದು ವಿಷಯ ಸೇರಿಸಿದ್ದೀರಿ. ಜರ್ಸಿಗೆ ಹುಟ್ಟಿದ ಗಂಡುಕರುವನ್ನು ಯಾರಿಗೋ ಕೊಟ್ಟಿರಿ. ಮಗ ಕೇಳಿದಾಗ ‘ಅಜ್ಜನ ಮನೆಗೆ ಕಳಿಸಿದ್ದು’ ಅಂದಿರಿ. ದೀಪಾವಳಿ ರಜೆಯಲ್ಲಿ ಅವನು ಅಜ್ಜನ ಮನೆಗೆ ಹೋದವನೇ ಚೀಲವನ್ನೂ ಇಳಿಸದೆ ಕೊಟ್ಟಿಗೆಗೆ ಓಡಿದ. ಅಲ್ಲಿ ಕರು ಇರಲಿಲ್ಲ. ವಾಪಸ್ ಬಂದು ನಿಮ್ಮನ್ನು ಏನೂ ಕೇಳಲಿಲ್ಲ.

ಅವನು ಕೊಟ್ಟಿಗೆ ಪೂರ್ತಿ ಬಿಟ್ಟದ್ದೂ ಅದೇ ರಜೆಯ ನಂತರ ಅಲ್ವಾ? ವಾಸನೆ ಅಂದವರ ಮೇಲಿನ ಸಿಟ್ಟಿಗಿಂತ ಇದು ಜಾಸ್ತಿ ಅಂತ ನನ್ನ ಅನುಮಾನ.

ಗಂಡುಕರುವಿನ ಸಂಕಟ ನಿಮ್ಮದೊಬ್ಬರದೇ ಅಲ್ಲ. ಉಳುಮೆಗೆ ಟಿಲ್ಲರ್ ಬಂತು. ತೋಟದ ಮನೆಗೆ ಎತ್ತು ಬೇಕಾಗಿಯೇ ಇಲ್ಲ. ಜರ್ಸಿ ಹೋರಿಯನ್ನು ಸುಮ್ನೆ ಸಾಕಲು ಯಾರಿಗೂ ಆಗುವುದಿಲ್ಲ. ಆಕಳು ಕರು ಹಾಕಿದ ರಾತ್ರಿ ಲಾಟೀನು ಎತ್ತಿ ನೋಡಿದವರು ‘ಗಂಡು’ ಅಂದರೆ ಸಾಕು, ಮನೆಯವರ ಮುಖ ಇಳಿಯುತ್ತದೆ. ಗಿಣ್ಣು ಮಾತ್ರ ಎಲ್ಲರೂ ತಿನ್ನುತ್ತೇವೆ. ಮಕ್ಕಳು ಇದನ್ನೆಲ್ಲ ನೋಡುತ್ತಲೇ ಇರುತ್ತಾರೆ. ಅವರಿಗೆ ಸತ್ಯ ಹೇಳಿ. ‘ಸಾಕಲು ಆಗಲಿಲ್ಲ, ಇಂಥವರಿಗೆ ಕೊಟ್ಟೆವು, ನಮಗೂ ಬೇಜಾರಾಯಿತು’ ಅಂದರೆ ಹುಡುಗ ಅಳಬಹುದು. ಅಳಲಿ. ಮುಂದಿನ ಸಲ ಪಶು ಆಸ್ಪತ್ರೆಯಲ್ಲಿ ಹೆಣ್ಣುಕರುವಿಗೆಂದೇ ಬೇರ್ಪಡಿಸಿದ ವೀರ್ಯ ಸಿಗುತ್ತದಾ ಎಂದು ಕೇಳಿ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೆಣ್ಣುಕರುವೇ. ಕೇಳಲು ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ.

ನನ್ನ ಮಾತಿನ ತಿರುಳು ಇದೇ. ನಮ್ಮ ಕಡೆಯ ಮಕ್ಕಳಿಗೆ ಕೊಟ್ಟಿಗೆಯಲ್ಲಿ ಸಿಗುವುದು ಕೈಕೆಲಸ ಮಾತ್ರ. ಸಗಣಿ ಬಾಚು, ಸೊಪ್ಪು ಹಾಸು, ಅಕ್ಕಚ್ಚು ಹೊತ್ತುಕೊಂಡು ಬಾ. ಯಾವ ಆಕಳು ಉಳಿಯಬೇಕು, ಯಾವುದಕ್ಕೆ ಎಷ್ಟು ಹಿಂಡಿ, ಡೇರಿಯಿಂದ ಎಷ್ಟು ಬಂತು, ಆ ಮಾತೆಲ್ಲ ಜಗಲಿಯ ಮೇಲೆ ದೊಡ್ಡವರ ನಡುವೆ. ಹುಡುಗ ಹತ್ತಿರ ಬಂದರೆ ‘ಹೋಗು, ಓದ್ಕೋ’.

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ನನಗೆ ಕರು ಹಿಡಿಯುವ ಕೆಲಸ. ಮೊದಲು ಕರು ಬಿಡಬೇಕು. ಅದು ಹಣೆಯಿಂದ ಕೆಚ್ಚಲಿಗೆ ಗುದ್ದಿ ಗುದ್ದಿ ನಾಲ್ಕು ಮೊಲೆಗೂ ಬಾಯಿ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಆಕಳು ಸೊರೆ ಬಿಡುತ್ತದೆ, ಅಂದರೆ ಕೆಚ್ಚಲಿಗೆ ಹಾಲು ಇಳಿಸುತ್ತದೆ, ಕರುವಿನ ಕಟವಾಯಲ್ಲಿ ನೊರೆ ಕಾಣುತ್ತದೆ. ಆಗ ಎಳೆಯಬೇಕು. ಬೇಗ ಎಳೆದರೆ ಆಕಳು ಹಾಲು ಏರಿಸಿಕೊಳ್ಳುತ್ತದೆ, ತಡ ಮಾಡಿದರೆ ಕರುವೇ ಖಾಲಿ ಮಾಡುತ್ತದೆ. ಎಳೆದ ಕರುವನ್ನು ತಾಯಿಯ ಮುಂಗಾಲ ಬಳಿ ಹಿಡಿದು ನಿಂತರೆ ಅದು ಕರುವನ್ನು ನೆಕ್ಕುತ್ತಾ ನನ್ನ ಮೊಣಕೈಯನ್ನೂ ನೆಕ್ಕುತ್ತಿತ್ತು, ಮರಳು ಕಾಗದ ತಿಕ್ಕಿದ ಹಾಗೆ. ಹಾಲು ಕರೆಯುತ್ತಿದ್ದವಳು ಅಜ್ಜಿ. ಕರುವಿಗೆ ಎಷ್ಟು ಉಳಿಸಬೇಕು ಅನ್ನುವುದನ್ನು ಅವಳು ನನಗೆ ಬಿಟ್ಟಿದ್ದಳು. ‘ಸಾಕಾ?’ ಎಂದು ಕೇಳುತ್ತಿದ್ದಳು. ನಾನು ಕರುವಿನ ಹೊಟ್ಟೆ ನೋಡಿ ‘ಇನ್ನೊಂದು ಸೇರು ಕರಿ’ ಅಂದರೆ ಕರೆಯುತ್ತಿದ್ದಳು, ‘ಸಾಕು’ ಅಂದರೆ ಏಳುತ್ತಿದ್ದಳು. ಕೊಟ್ಟಿಗೆ ಕೆಲಸದಲ್ಲಿ ನನಗೆ ಬೇಸರ ಬರದೇ ಇದ್ದ ಒಂದು ಕೆಲಸ ಅದು. ಸಗಣಿ ಬಾಚುವುದು ಅಂದರೆ ನಾನೂ ಜ್ವರ ಬರಿಸಿಕೊಳ್ಳುತ್ತಿದ್ದೆ.

ನಿಮ್ಮ ಮಗನಿಗೆ ಒಂದು ಆಕಳು ಪೂರ್ತಿ ವಹಿಸಿ. ಜೊತೆಗೆ ಒಂದು ನೋಟ್‌ಬುಕ್ಕು. ಬೆದೆಗೆ ಬಂದ ತಾರೀಖು ಅವನು ಬರೆಯಲಿ, 21 ದಿನಕ್ಕೆ ಮತ್ತೆ ಬರುತ್ತದಾ ನೋಡಲಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ). ಗಬ್ಬ ನಿಂತರೆ ಸುಮಾರು 280 ದಿನ. ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲು ಹಾಲು ಬತ್ತಿಸಬೇಕು. ಜರ್ಸಿಗೆ ಮೈ ಕಾಯಲು ಒಂದೂವರೆ ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆಜಿ ಹಿಂಡಿ, ಇದು ಸಾಮಾನ್ಯ ಲೆಕ್ಕ. ಈಗ ನೀವು ಕಣ್ಣಂದಾಜಿನಲ್ಲಿ ಹಾಕುವುದನ್ನು ಅವನು ತೂಗಿ ನೋಡಲಿ. ಬಹುಶಃ ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಬೀಳುತ್ತಿರುತ್ತದೆ.

ಡೇರಿಗೂ ಅವನೇ ಹೋಗಲಿ. ಆಕಳ ಹಾಲಿಗೆ ಫ್ಯಾಟ್ (ಕೊಬ್ಬು) 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5 ಬಂದರೆ ಸರಿ ಎನ್ನುತ್ತಾರೆ. ಮಳೆಗಾಲದಲ್ಲಿ ಎಳೆ ಹುಲ್ಲು ತಿಂದಾಗ ಫ್ಯಾಟ್ ಇಳಿಯುತ್ತದೆ, ಒಣಹುಲ್ಲು ಸೇರಿಸಿದರೆ ಸುಧಾರಿಸುತ್ತದೆ. ಕರೆಯುವಾಗ ಕೊನೆಯಲ್ಲಿ ಬರುವ ಹಾಲಿನಲ್ಲೇ ಫ್ಯಾಟ್ ಜಾಸ್ತಿ. ಅದನ್ನು ಕರುವಿಗೆ ಬಿಟ್ಟರೆ ಡೇರಿಯ ಚೀಟಿಯಲ್ಲಿ ಕಡಿಮೆ ಬರುತ್ತದೆ. ಕರು ಬೇಕಾ, ಫ್ಯಾಟ್ ಬೇಕಾ? ಏಳನೇ ಕ್ಲಾಸಿನ ಯಾವ ಗಣಿತದಲ್ಲೂ ಇಂಥ ಪ್ರಶ್ನೆ ಇಲ್ಲ. ಮುಂದೆ ಅವನು ಕೃಷಿ ಓದುವುದಾದರೆ ಕೃಷಿಕರ ಮಕ್ಕಳ ಕೋಟಾಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೂ ಇದೆ. ಆ ಮಾತು ಈಗ ಬೇಡ.

ಕೆಲವು ಕೆಲಸ ಅವನಿಗೆ ಬೇಡವೇ ಬೇಡ. ಹೊಸದಾಗಿ ಕರು ಹಾಕಿದ ಆಕಳ ಹತ್ತಿರ ಒಬ್ಬನೇ ಹೋಗುವುದು, ಗೋಬರ್ ಗ್ಯಾಸಿನ ಸ್ಲರಿ ಗುಂಡಿಗೆ ಇಳಿಯುವುದು. ಕರು ಹಾಕಿದ ಮೇಲೆ ಕಸ (ಮಾಸು) ಬೀಳದಿದ್ದರೆ ಬರಿಗೈಯಲ್ಲಿ ಎಳೆಯುವುದಂತೂ ದೊಡ್ಡವರೂ ಮಾಡಬಾರದು. ಕಂದು ರೋಗ (ಬ್ರುಸೆಲ್ಲೋಸಿಸ್) ಮನುಷ್ಯರಿಗೆ ಬರುವ ದಾರಿಗಳಲ್ಲಿ ಅದೂ ಒಂದು. 1962ಕ್ಕೆ ಫೋನ್ ಮಾಡಿದರೆ ಪಶು ಇಲಾಖೆಯ ಗಾಡಿ ಬರುತ್ತದೆ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಈ ರೋಗದ ಲಸಿಕೆ ಹಾಕಿಸಿ, ಒಂದೇ ಸಲ ಸಾಕು. ಮಳೆಗಾಲದಲ್ಲಿ ಕಾಲಿನ ಗಾಯ ಇಟ್ಟುಕೊಂಡು ಗಂಜಳದ ನೀರಿನಲ್ಲಿ ಓಡಾಡಿದರೆ ಇಲಿ ಜ್ವರದ ಭಯ, ಹಾಗಾಗಿ ಬೂಟು ಕೊಡಿಸಿ.

ಉಣುಗಿನ ವಿಷಯ ನಿಮಗೆ ಹೇಳಬೇಕಿಲ್ಲ. ಅದು ಕಚ್ಚಿ ಬರುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಗಿಡ್ಡಗಳು ಬೆಟ್ಟಕ್ಕೆ ಮೇಯಲು ಹೋಗಿ ಉಣುಗನ್ನು ಹೊತ್ತು ತರುತ್ತವೆ. ಡಿಸೆಂಬರಿನಿಂದ ಮಳೆ ಬೀಳುವವರೆಗೆ ಕಾಡಿನಿಂದ ದರಕು (ಒಣ ಎಲೆ) ತರುವ ಕೆಲಸಕ್ಕೆ ಮಗನನ್ನು ಕಳಿಸಬೇಡಿ. ದೊಡ್ಡವರು ಹೋಗುವಾಗಲೂ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡೇ ಹೋಗಿ. ಬಂದ ತಕ್ಷಣ ಬಿಸಿನೀರು ಹೊಯ್ದುಕೊಂಡು ಬಟ್ಟೆ ನೆನೆಹಾಕಿ.

ಇನ್ನು ಯಜಮಾನರ ಮಾತು. ಹಾಲಿನ ದುಡ್ಡಿನಲ್ಲಿ ಹಿಂಡಿಯ ದುಡ್ಡು ಕಳೆದು ‘ಏನೂ ಉಳಿಯುವುದಿಲ್ಲ’ ಅನ್ನುತ್ತಾರೆ ಎಂದು ಬರೆದಿದ್ದೀರಿ. ಆ ಲೆಕ್ಕ ಅರ್ಧ ಮಾತ್ರ. ಘಟ್ಟದ ಮೇಲಿನ ತೋಟಿಗರು ದನ ಕಟ್ಟಿದ್ದು ಹಾಲಿಗಲ್ಲ, ಗೊಬ್ಬರಕ್ಕೆ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು ಕಡಿದುಕೊಳ್ಳುವ ಕಾಡು) ಬಿಟ್ಟುಕೊಟ್ಟದ್ದೂ ಅದಕ್ಕೇ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಅಲ್ಲಿ ತುಳಿದದ್ದು ಗುಂಡಿಗೆ, ಗುಂಡಿಯಿಂದ ಅಡಿಕೆ ಬುಡಕ್ಕೆ. ದಿನಕ್ಕೆ ಒಂದೆರಡು ಲೀಟರ್ ಕೊಡುವ ಗಿಡ್ಡಗಳನ್ನು ಹಿರಿಯರು ಹಟ್ಟಿ ತುಂಬ ಸಾಕಿದ್ದು ಸುಮ್ನೆ ಅಲ್ಲ. ನಿಮ್ಮ ಗೋಬರ್ ಗ್ಯಾಸ್ ಎರಡು ಘನ ಮೀಟರಿನದು. ಅದಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು, ಐದು ದನದಿಂದ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ದನ ಕೊಟ್ಟ ಮರುತಿಂಗಳಿಂದ ಸಿಲಿಂಡರು, ಮರುವರ್ಷದಿಂದ ಲಾರಿಯಲ್ಲಿ ಗೊಬ್ಬರ. ಈ ಎರಡು ಖರ್ಚನ್ನೂ ಬರೆದು ಆಮೇಲೆ ಕೂಡಿ ಕಳೆಯಲಿ.

ಅದೇ ಪುಸ್ತಕದಲ್ಲಿ ನಿಮ್ಮ ಕೆಲಸದ ಹೊತ್ತನ್ನೂ ಬರೆಯಿರಿ. ಅದನ್ನು ಯಾರೂ ಬರೆದದ್ದಿಲ್ಲ. ಕೊಟ್ಟಿಗೆಯ ಬಗ್ಗೆ ಊರು ಬಿಟ್ಟ ಗಂಡಸರು ಚಂದಚಂದದ ಲೇಖನ ಬರೆದು ನಮಗೆ ಕಳಿಸುತ್ತಿರುತ್ತಾರೆ. ಕಸ ಬಳಿದವಳ ಸೊಂಟದ ಬಗ್ಗೆ ಅವುಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಕರೆಯುವವರು ನೀವು, ಡೇರಿಯ ಸದಸ್ಯತ್ವ ಯಜಮಾನರ ಹೆಸರಿನಲ್ಲಿ. ಹಾಲಿನ ದುಡ್ಡೂ, ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನವೂ ಆ ಖಾತೆಗೇ ಬೀಳುತ್ತವೆ. ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಬಗ್ಗೆ ಸಂಘದಲ್ಲಿ ವಿಚಾರಿಸಿ. ದನ ಕೊಡುವ ಮಾತು ಅದಾದ ಮೇಲೆ ಎತ್ತಲಿ, ಆಗ ನಿಮ್ಮ ಮಾತಿಗೂ ತೂಕ ಇರುತ್ತದೆ.

ಅಷ್ಟಾಗಿಯೂ ಕೈಲಾಗುವುದಿಲ್ಲ ಅನ್ನಿಸಿದರೆ ಕೊಡಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಎಲ್ಲ ಒಟ್ಟಿಗೆ ಬೇಡ. ನನ್ನನ್ನು ಕೇಳಿದರೆ ಹಿಂಡಿ ಜಾಸ್ತಿ ಬೇಡುವ ಜರ್ಸಿ ಒಂದನ್ನು ಮೊದಲು ಕೊಡಿ. ಗಿಡ್ಡಗಳು ಇರಲಿ, ಅವಕ್ಕೆ ಖರ್ಚೂ ಕಡಿಮೆ, ಕಾಯಿಲೆಯೂ ಕಡಿಮೆ. ಯಾವುದನ್ನು ಕೊಡುವುದು ಎಂದು ಕೂತು ಮಾತಾಡುವ ದಿನ ಮಗನೂ ನೋಟ್‌ಬುಕ್ಕು ಹಿಡಿದು ಜಗಲಿಯ ಮೇಲೆ ಕೂರಲಿ.

ಕೊನೆಗೆ ಕೇಳಿದ್ದೀರಿ, ಪರೀಕ್ಷೆಯ ವಾರ ಅವನಿಗೆ ಕೊಟ್ಟಿಗೆ ಬಿಡಿಸಬೇಕಾ ಅಂತ. ಬಿಡಿಸಿ. ಆ ವಾರ ಯಜಮಾನರು ಬೇಗ ಎದ್ದು ಬುಟ್ಟಿ ಹಿಡಿಯಲಿ.

— ಸಂ.