ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಮನೆಗೆ ಫೈಲ್ ಸರ್ವರ್ ಮಾಡೋದು ಹೇಗೆ?

ಹಳೇ ಲ್ಯಾಪ್‌ಟಾಪ್ ಧಾರಾಳ ಸಾಕು. ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ, ಆಮೇಲೆ ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಸಾಂಬಾ ಅನ್ನೋ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ; ವಿಂಡೋಸ್, ಮ್ಯಾಕ್, ಫೋನು ಎಲ್ಲದರಿಂದಲೂ ಫೋಲ್ಡರ್ ತೆರೆಯಬಹುದು.

ಹೊಸಬರು ಜಾಸ್ತಿ ಒದ್ದಾಡುವುದು ಪಾಸ್‌ವರ್ಡ್ ಹತ್ತಿರ. ಲಿನಕ್ಸ್‌ಗೆ ಲಾಗಿನ್ ಆಗುವ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ, ಅದೇ ಯೂಸರ್‌ಗೆ ಸಾಂಬಾದಲ್ಲಿ ಬೇರೆಯಾಗಿ ಪಾಸ್‌ವರ್ಡ್ ಇಡಬೇಕು. ಅದೂ ಸರಿಯಾಗಿ, ಫೋಲ್ಡರ್ ತೆರೆದುಕೊಂಡರೂ ಫೈಲ್ ಮಾತ್ರ ಸೇವ್ ಆಗ್ತಿಲ್ಲ ಅಂದ್ರೆ ಎರಡು ಕಡೆ ನೋಡಿ: ಸಾಂಬಾ ಸೆಟ್ಟಿಂಗ್‌ನಲ್ಲಿ ‘ರೀಡ್ ಓನ್ಲಿ’ ತಾನಾಗಿಯೇ ‘ಯೆಸ್’ ಇರುತ್ತದೆ, ಅದನ್ನು ‘ನೋ’ ಮಾಡಿ, ಫೋಲ್ಡರ್ ರೂಟ್ (ಲಿನಕ್ಸ್‌ನ ಅಡ್ಮಿನ್ ಯೂಸರ್) ಹೆಸರಲ್ಲೇ ಉಳಿದಿದ್ದರೆ ನಿಮ್ಮ ಯೂಸರ್ ಹೆಸರಿಗೆ ಬದಲಿಸಿ.

ರೂಟರ್‌ನಲ್ಲಿ ಸರ್ವರ್‌ಗೆ ಒಂದೇ ಐಪಿ (ನೆಟ್‌ವರ್ಕ್ ವಿಳಾಸ) ಕಾಯಂ ಮಾಡಿ. ಸಾಂಬಾ ಬಳಸುವ 445 ಪೋರ್ಟನ್ನು ಇಂಟರ್ನೆಟ್‌ಗೆ ಯಾವತ್ತೂ ತೆರೆಯಬೇಡಿ, ಹೊರಗಿನಿಂದ ಬಳಸೋಕೆ ವೈರ್‌ಗಾರ್ಡ್ (ಮನೆ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ ಕೊಡುವ ವಿಪಿಎನ್) ಇದೆ ಅಲ್ವಾ? ರೇಯ್ಡ್‌ಗೆ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸೋದು) ಸುಮ್ನೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಇನ್ನೊಂದು ಡಿಸ್ಕ್‌ಗೆ ಬ್ಯಾಕಪ್ ಆಗಲಿ.