ಮೊಬೈಲ್ ಹೇಳಿದ ಗಮನದ ಮಾರ್ಕ್ಸು

ಪ್ರಶ್ನೆ: ಮಗ ಎಂಟನೇ ಕ್ಲಾಸ್. ಮೊಬೈಲ್‌ನಾಗ ಒಂದ್ ಆ್ಯಪ್ ಐತ್ರಿ, ಸ್ಕ್ರೀನ್ ಹಸಿರಾದ ಕೂಡ್ಲೇ ಒತ್ತಬೇಕು. ಅವಂದು 340 ಮಿಲಿಸೆಕೆಂಡ್ ಬಂತು, ಗೆಳೆಯಂದು 290. 'ಗಮನ ಕಡಿಮಿ' ಅಂತ ತೋರ್ಸೇತಿ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸೋ ತೊಂದ್ರಿ) ಇರಬಹುದಾ?
– ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ಅಷ್ಟರ ಮ್ಯಾಲೆ ಹೆದರಬ್ಯಾಡ್ರಿ. ಸಾದಾ ಫೋನಿನ ಸ್ಕ್ರೀನು ಸೆಕೆಂಡಿಗೆ 60 ಸಲ ಚಿತ್ರ ಬದಲಿಸ್ತೈತಿ, ಅಂದ್ರ ಒಂದ್ ಚಿತ್ರಕ್ಕ ಸುಮಾರು 17 ಮಿಲಿಸೆಕೆಂಡ್, ಅದರ ಮ್ಯಾಲೆ ಟಚ್ ತಿಳ್ಕೊಳ್ಳೋ ತಡ ಬ್ಯಾರೆ, ಬೆರಳು ಗ್ಲಾಸಿಗೆ ಹತ್ತಿರ ಇಟ್ಟಾನೋ ದೂರ ಇಟ್ಟಾನೋ ಅದೂ ಬ್ಯಾರೆ. ಎರಡು ಫೋನಿನ ನಡುವಿನ 50 ಮಿಲಿಸೆಕೆಂಡಿಗೆ ಮಗನ್ನ ಬೈಯೋದು ಅನ್ಯಾಯ.

ಇನ್ನೊಂದು ಏನಂದ್ರ, ಆ ನಂಬರ್‌ನಾಗ ಕಣ್ಣು ನೋಡೋದು, ಕೈ ಎತ್ತೋದು ಎಲ್ಲಾ ಕೂಡೇತಿ. ಡಾಂಡರ್ಸ್ ಅನ್ನೋ ಡಚ್ ವಿಜ್ಞಾನಿ 1868ರಾಗ ಇದನ್ನ ಬಿಡಿಸಾಕ ಒಂದ್ ಉಪಾಯ ಮಾಡಿದ. ಒಂದೇ ಸಿಗ್ನಲ್ಲಿಗೆ ಒಂದೇ ಉತ್ತರ ಕೊಡೋ ಟೈಮ್ ಹಿಡದ, ಆಮ್ಯಾಲೆ ಹಲವು ಸಿಗ್ನಲ್‌ನಾಗ ಯಾವ್ದು ಅಂತ ಗುರುತಿಸಿ ಅದಕ್ಕ ತಕ್ಕ ಉತ್ತರ ಕೊಡೋ ಟೈಮ್ ಹಿಡದ, ಎರಡನೇದ್ರಾಗ ಮೊದಲನೇದು ಕಳದ್ರ ಉಳಿಯೋದು ಗುರುತಿಸಿ ಆರಿಸೋ ಟೈಮ್. ನಿಮ್ಮ ಆ್ಯಪ್‌ನಾಗ ಕಳಿಯಾಕ ಎರಡನೇ ಲೆಕ್ಕನ ಇಲ್ಲ.

ಎಡಿಎಚ್‌ಡಿ ಮಕ್ಕಳನ್ನ ಗುಂಪಾಗಿ ನೋಡಿದ್ರ ಎದ್ದು ಕಾಣೋದು ಏರುಪೇರು. ನಾಕ್ ಸಲ ಚುರುಕು, ಐದನೇ ಸಲ ಎಲ್ಲೋ ಹೋಗಿ ಬಂದಂಗ ಲೇಟು. ಹಂಗಂತ ಟೆಸ್ಟ್ ಒಂದರ ಮ್ಯಾಲೆ ಡಾಕ್ಟ್ರು ತೀರ್ಮಾನ ಮಾಡಂಗಿಲ್ಲ. ಲಕ್ಷಣ ಆರು ತಿಂಗಳಿಂದನಾದ್ರೂ ಇರಬೇಕು, ಮನಿ ಸಾಲಿ ಎರಡೂ ಕಡೆ ಕಾಣಬೇಕು, 12 ವರ್ಷದೊಳಗ ಶುರುವಾಗಿರಬೇಕು. ಕ್ಲಾಸ್ ಟೀಚರ್ನ ಕೇಳ್ರಿ, ಅವ್ರೂ ಹೌದಂದ್ರ ಮನೋವೈದ್ಯರಿಗೆ ತೋರ್ಸ್ರಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕ ಫೋನ್ ಹಚ್ಚಿ ಕನ್ನಡದಾಗ ಮಾತಾಡ್ರಿ, ಫ್ರೀ ಐತಿ.

ಪ್ರಶ್ನೆ: ಕಬ್ಬಿನ ಸೀಸನ್‌ನಾಗ ಫ್ಯಾಕ್ಟರಿ ಪ್ಯಾನೆಲ್ ಮುಂದ ನೈಟ್ ಡ್ಯೂಟಿ. ಕಣ್ಣು ತೆರದ ಇರ್ತೀನಿ, ಆದ್ರೂ ದೀಪ ಹತ್ತಿದ್ದು ತಪ್ಪಸ್ತೀನಿ. ಇದಕ್ಕ ಟೆಸ್ಟ್ ಐತೇನ್ರಿ?
– ವಿಜಯಪುರ ಜಿಲ್ಲಾ ಓದುಗ

ಉತ್ತರ: ಐತ್ರಿ, ಮತ್ತ ನೀವು ಆಲಸಿ ಅಲ್ಲ. ರಡಾರ್ ನೋಡ್ಕೋತ ಕೂಡೋ ಸೈನಿಕರಿಗೆ ಇದ ತ್ರಾಸು ಇತ್ತು. ಬ್ರಿಟನ್ನಿನ ಮ್ಯಾಕ್‌ವರ್ತ್ ಅನ್ನೋ ಮನೋವಿಜ್ಞಾನಿ ಒಂದ್ ಗಡಿಯಾರ ಮಾಡಿದ, ಮುಳ್ಳು ಟಿಕ್ ಟಿಕ್ ಜಿಗಿತೈತಿ, ಅಪರೂಪಕ್ಕ ಡಬಲ್ ಜಿಗಿತೈತಿ, ಅದನ್ನ ಹಿಡೀಬೇಕು. ಎರಡು ತಾಸಿನ ಟೆಸ್ಟು, ಆದ್ರ ಮೊದಲ ಅರ್ಧ ತಾಸು ಮುಗಿಯೂದ್ರಾಗ ತಪ್ಪಿಸೋದು ಹೆಚ್ಚಾತು. 1948ರಾಗ ಇದನ್ನ ಪ್ರಕಟ ಮಾಡಿದ. ನಿದ್ದಿಗೆಟ್ಟವರಿಗೆ ಈಗ ಪಿವಿಟಿ ಅಂತ, ಎಚ್ಚರ ಎಷ್ಟೈತಿ ಅಂತ ಅಳಿಯೋ 10 ನಿಮಿಷದ ಟೆಸ್ಟ್ ಕೊಡ್ತಾರ. 2ರಿಂದ 10 ಸೆಕೆಂಡಿನೊಳಗ ಯಾವಾಗ್ ಬೇಕಾದ್ರೂ ಸಿಗ್ನಲ್ ಬರ್ತೈತಿ, ಅರ್ಧ ಸೆಕೆಂಡಿಗಿಂತ ತಡಾದ್ರ ಒಂದ್ 'ಲ್ಯಾಪ್ಸ್', ಅಂದ್ರ ಗಮನ ತಪ್ಪಿದ್ದು. ಸರಾಸರಿಗಿಂತ ಆ ಲ್ಯಾಪ್ಸ್ ಎಷ್ಟು ಅನ್ನೋದ ಮುಖ್ಯ. ನಿಮ್ಮ ಸಾಹೇಬ್ರಿಗೆ ದೀಪದ ಜೊತಿ ಗಂಟಿ ಹಾಕ್ಸ್ರಿ ಅನ್ರಿ, ಅರ್ಧ ತಾಸಿಗೊಮ್ಮೆ ಜಾಗ ಬದಲಿ ಮಾಡ್ರಿ ಅನ್ರಿ. ಚಾ ಕುಡದ್ರ ಸ್ವಲ್ಪ ಹೊತ್ತು ನಡೀತೈತಿ, ಹಗಲಿನ ನಿದ್ದಿ ಮಾತ್ರ ಬಿಡಬ್ಯಾಡ್ರಿ.

ಪ್ರಶ್ನೆ: ಸ್ಟ್ರೂಪ್ ಟೆಸ್ಟ್ ಪ್ರಾಜೆಕ್ಟ್ ಮಾಡಾಕತ್ತೀನಿ. ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ ಇರೋರಿಗೆ ಯಾವ ಭಾಷಾದಾಗ ಕೊಡ್ಲಿ?
– ಬಿಎ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಎರಡರಾಗೂ ಕೊಡ್ರಿ. 'ಕೆಂಪು' ಅಂತ ನೀಲಿ ಶಾಯಿಯಾಗ ಬರದಿರ್ತೈತಿ, ಓದಬಾರ್ದು, ಬಣ್ಣ ಹೇಳಬೇಕು. 1935ರಾಗ ಸ್ಟ್ರೂಪ್ ಅನ್ನೋ ಅಮೆರಿಕದ ಮನೋವಿಜ್ಞಾನಿ ಮಾಡಿದ್ದು ಇಂಥದ್ದ. ಯಾವ ಭಾಷಾ ಸರಾಗ ಓದ್ತಾರೋ ಅದ್ರಾಗ ಹೆಚ್ಚು ತಡವರಸ್ತಾರ, ಮನಿ ಮಾತು ಯಾವ್ದು ಅನ್ನೋಕಿಂತ ಓದೋ ರೂಢಿ ನೋಡ್ರಿ. ಅರ್ಧ ಮಂದಿಗೆ ಕನ್ನಡ ಮೊದ್ಲ, ಅರ್ಧ ಮಂದಿಗೆ ಮರಾಠಿ ಮೊದ್ಲ ಕೊಡ್ರಿ, ಇಲ್ಲಾಂದ್ರ ಎರಡನೇ ಸಲ ಪ್ರಾಕ್ಟೀಸ್‌ಲಿಂದನ ಸ್ಪೀಡ್ ಆಗ್ತಾರ. ಬಣ್ಣಗುರುಡು ಐತೇನು ಅಂತ ಶುರುವಿಗೇ ಚೆಕ್ ಮಾಡ್ರಿ.